ಇಳಿದ ಲೆಕ್ಕ

ಬೈತಖೋಲ ಬಂದರದಲ್ಲಿ ಹಳೇ ಬೋಟು ಕೊಳ್ಳುವವರು
ಮೊದಲು ನನ್ನನ್ನು ಕರೆಯುತ್ತಾರೆ. ನಾನು ಇನಾಸ್.
ಎಂಜಿನ್ನಿಗೆ ಕಿವಿಯಿಟ್ಟು
ಅದರ ಸುಳ್ಳು ಹಿಡಿಯುವುದು ನನ್ನ ಕಸುಬು.

ಐಸ್ ಫ್ಯಾಕ್ಟರಿಯ ಶಾಂಬಾ ದುರ್ಗೇಕರ
ಹುಬ್ಬಳ್ಳಿಗೆ ನಡೆ, ವಿಮಾನ ನೋಡುವುದಿದೆ ಎಂದಾಗ
ಬೋಟಿನ ಹೆಸರಿರಬೇಕು ಅಂದುಕೊಂಡೆ.
ಮಲ್ಪೆಯವರು ಏನು ಬೇಕಾದರೂ ಹೆಸರಿಡುತ್ತಾರೆ.

ಹ್ಯಾಂಗರಿನಲ್ಲಿ ನಿಂತಿತ್ತು,
ದಂಡೆಗೆ ಎಳೆದ ಇಸ್ವಾಣದ ಹಾಗೆ, ಹೊಟ್ಟೆ ಬಿಳಿ.
ಆರು ಸೀಟು, ಎರಡು ಎಂಜಿನ್, ಹದಿನಾರು ವರ್ಷ.
ದಲ್ಲಾಳಿ ಹುಡುಗ ಚಿರಂತನ,
ಅವನ ಬೂಟು ವಿಮಾನಕ್ಕಿಂತ ಹೊಳೆಯುತ್ತಿತ್ತು.
"ಒಬ್ಬರೇ ಮಾಲೀಕರು ಸಾರ್. ಸದಾ ಒಳಗೇ ಇಟ್ಟದ್ದು. ಒಣ ಹವೆ."

ಬೆರಳಿಗೆ ಉಗುಳು ಹಚ್ಚಿ
ಬಾಲದ ಕೆಳಗಿನ ರಿವೆಟ್ಟು ಸವರಿ ನಾಲಿಗೆಗೆ ಇಟ್ಟೆ.
ಉಪ್ಪು.
"ಇದು ಸಮುದ್ರದ ಪಕ್ಕ ಮಲಗಿತ್ತು" ಅಂದೆ.
ಹುಡುಗ ಪುಸ್ತಕ ತಿರುವಿದ, ಹಿಂದಕ್ಕೆ ತಿರುವಿದ:
ಹದಿನಾಲ್ಕು ತಿಂಗಳು, ಯಾವುದೋ ದ್ವೀಪ, ಬಯಲಲ್ಲಿ.
ಅಲ್ಲೇ ಮೂವತ್ತು ಲಕ್ಷ ಇಳಿಯಿತು.
ಸಾವಕಾರರು ನನ್ನ ಬೆನ್ನು ತಟ್ಟಿದರು,
ಪಾಂಪ್ಲೆಟಿನ ಬುಟ್ಟಿ ಅರ್ಧ ರೇಟಿಗೆ ಸಿಕ್ಕವರ ಹಾಗೆ.

ಆ ಪುಸ್ತಕ ಮಾತ್ರ ನನಗೆ ಹಿಡಿಸಿತು.
ಬೋಟಿಗೆ ಯಾರು ಬರೆದಿಡುತ್ತಾರೆ?
ಹೋಯಿತು, ಬಂತು. ಬಾರದಿದ್ದರೆ ಪೊಲೀಸರು ಬರೆದುಕೊಳ್ಳುತ್ತಾರೆ.
ಇದಕ್ಕೋ, ಒಂದೊಂದು ಇಳಿತಕ್ಕೂ ಒಂದು ಸಾಲು,
ದಿನ, ಊರು, ನಿಮಿಷ, ಸಹಿ.
ಮೂರು ಸಾವಿರದ ನಾಲ್ಕುನೂರಾ ಎರಡು ಸಲ
ಎಲ್ಲೆಲ್ಲೋ ನೆಲ ಮುಟ್ಟಿದೆ.
ಸೀಟಿನ ಸಂದಿಗೆ ಕೈ ಹಾಕಿದರೆ ಮಗುವಿನ ಹೇರ್‌ಪಿನ್ನು,
ಮಾತ್ರೆ ಮುಗಿದ ಖಾಲಿ ಪಟ್ಟಿ;
ಅವು ಯಾವ ಸಾಲಿನಲ್ಲೂ ಇರಲಿಲ್ಲ.
"ಇದರಲ್ಲಿ ಯಾರಾದರೂ ತೀರಿಕೊಂಡಿದ್ದಾರಾ?"
ಬೋಟಿಗೆ ನಾವು ಕೇಳುವ ಮೊದಲ ಪ್ರಶ್ನೆ.
ಚಿರಂತನ ನಕ್ಕ.
ಶಾಂಬಾ ನಗಲಿಲ್ಲ.

ಪರೀಕ್ಷೆಗೆಂದು ಮೇಲೆ ಒಯ್ದರು. ಯಾವ ಕಡೆ, ಕೇಳಿದ ಪೈಲಟ್.
"ಕಾರವಾರ" ಅಂದರು ಸಾವಕಾರರು,
ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು.

ಯಲ್ಲಾಪುರ ಬಂತು, ಬಂದದ್ದು ತಿಳಿಯುವುದರೊಳಗೆ ಹೋಯಿತು.
ಅರಬೈಲ ಘಟ್ಟ, ಗಂಟು ಬಿದ್ದ ಗಾಳದ ದಾರ.
ಅದರ ಒಂದು ಗಂಟಿನಲ್ಲಿ, ಎರಡು ವರ್ಷದ ಹಿಂದೆ,
ಮಗುಚಿದ ಲಾರಿಯ ಹಿಂದೆ, ಆಂಬುಲೆನ್ಸಿನಲ್ಲಿ
ಅವರ ತಮ್ಮ ಪುಂಡಲೀಕ
ಹುಬ್ಬಳ್ಳಿ ಇನ್ನೆಷ್ಟು ದೂರ, ಇನ್ನೆಷ್ಟು ದೂರ ಎಂದು
ಮೂರು ತಾಸು ಕೇಳಿದ.
ಆಮೇಲೆ ಕೇಳಲಿಲ್ಲ.

ಕಾಳಿ ನದಿ, ಸೇತುವೆ, ಸದಾಶಿವಗಡ.
ನೀರಲ್ಲಿ ಕೂರ್ಮಗಡ, ಹೆಸರು ಇಟ್ಟವರು ಮೇಲಿಂದ ನೋಡಿರಬೇಕು.
ಬಂದರದಲ್ಲಿ ನಾನು ಬಿಚ್ಚಿಟ್ಟು ಬಂದ ಬೋಟು
ಬೆಂಕಿಕಡ್ಡಿಯಷ್ಟು.
"ಹನ್ನೆರಡು ನಿಮಿಷ" ಅಂದರು ಶಾಂಬಾ.
ಮತ್ತೊಮ್ಮೆ ಅಂದರು, ನನಗಲ್ಲ.

"ಇಲ್ಲಿ ಇಳಿಯಲಿಕ್ಕೆ ಜಾಗ ಇಲ್ಲ ಸಾರ್," ಪೈಲಟ್ ತಿರುಗಿಸುತ್ತ,
"ನೌಕಾಪಡೆಯವರ ಆಕಾಶ, ಜಾಸ್ತಿ ಸುತ್ತುವಂತೆಯೂ ಇಲ್ಲ."
"ಗೊತ್ತು."
ಗೊತ್ತಿತ್ತು. ಕಾರವಾರದ ಕೂಸಿಗೂ ಗೊತ್ತು:
ಈ ಕಡೆ ಗುಡ್ಡ, ಆ ಕಡೆ ನೀರು,
ನಡುವೆ ಬಲೆ ಒಣಗಿಸಲಿಕ್ಕೇ ಜಗಳ.

ಮರಳಿದ ಮೇಲೆ ಅದೇ ಹಳೇ ಪ್ರಶ್ನೆ:
"ಇನಾಸ್, ಹೇಗಿದೆ?"
ಎಡದ ಎಂಜಿನ್ ನಿಲ್ಲುವಾಗ ಸಣ್ಣಗೆ ನರಳುತ್ತದೆ,
ಇನ್ನೂ ಹತ್ತು ಲಕ್ಷ ಇಳಿಸಬಹುದು.
ಅಷ್ಟು ಹೇಳಿದೆ.
ಉಳಿದದ್ದು ಬಾಯಿಗೆ ಬಂದಿತ್ತು,
ಉಪ್ಪಿನ ಜೊತೆ ನುಂಗಿದೆ.

ಪೈಲಟ್ ರೆಕ್ಕೆಯ ಮೇಲೆ ಪುಸ್ತಕ ಇಟ್ಟು ಹೊಸ ಸಾಲು ಬರೆದ.
ಹೊರಟದ್ದು ಹುಬ್ಬಳ್ಳಿ.
ಇಳಿದದ್ದು ಹುಬ್ಬಳ್ಳಿ.
ಶಾಂಬಾ ಬಗ್ಗಿ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು,
ಎರಡು ಊರುಗಳ ನಡುವಿನ ಖಾಲಿ ಜಾಗಕ್ಕೆ
ಬೆರಳು ಇಟ್ಟು.

ಆಮೇಲೆ ಕೇಳಿದರು,
"ಚೆಕ್ಕು ಯಾರ ಹೆಸರಿಗೆ?"